ಕನ್ನಡಿ ಹೋದರೂ ಲೆನ್ಸ್ ಯಾಕೆ ಚಿಕ್ಕದಾಗಲಿಲ್ಲ?

ಪ್ರಶ್ನೆ: ನನ್ನ ಬಳಿ ನಿಕಾನ್ ಝಡ್ ಸರಣಿಯ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಇದೆ. 50 ಎಂಎಂ ಎಫ್/1.2 ಲೆನ್ಸ್ ತೆಗೆದುಕೊಳ್ಳೋಣ ಅಂತ ಅಂಗಡಿಗೆ ಹೋಗಿ ಕೈಗೆತ್ತಿಕೊಂಡರೆ ಒಂದು ಕೆಜಿಗಿಂತ ಜಾಸ್ತಿ ತೂಕ. ಆಮೇಲೆ ಸಂಬಂಧಿಕರೊಬ್ಬರ ಲೈಕಾ ಎಂ ಕ್ಯಾಮೆರಾ ನೋಡಿದೆ. ಅದರ 50 ಎಂಎಂ ಎಫ್/2 ಲೆನ್ಸ್ ಮುಷ್ಟಿಯೊಳಗೆ ಹಿಡಿಸುತ್ತದೆ, ಫೋಟೋಗಳೂ ಚೆನ್ನಾಗಿ ಬರುತ್ತವೆ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಒಳಗಿದ್ದ ಕನ್ನಡಿ ಹೋದರೆ ಎಲ್ಲವೂ ಚಿಕ್ಕದಾಗುತ್ತದೆ ಅಂದಿದ್ದರಲ್ವಾ? ಕಂಪನಿಗಳು ಬೇಕಂತಲೇ ದೊಡ್ಡದು ಮಾಡುತ್ತಿವೆಯಾ? ಅಡಾಪ್ಟರ್ ಹಾಕಿಕೊಂಡು ಲೈಕಾ ಎಂ ಥರದ ರೇಂಜ್‌ಫೈಂಡರ್ ಕ್ಯಾಮೆರಾಗಳ ಲೆನ್ಸುಗಳನ್ನೇ ಬಳಸಿದರೆ ಆಗುವುದಿಲ್ಲವಾ?

ಉತ್ತರ: ಸುಮ್ನೆ ದೊಡ್ಡದು ಮಾಡುತ್ತಿಲ್ಲ. ಆದರೆ ನಿಮ್ಮ ಅನುಮಾನದಲ್ಲೂ ಹುರುಳಿದೆ. 50 ಎಂಎಂ ಲೆನ್ಸ್ ಇಷ್ಟು ದೊಡ್ಡದಾಗಿ ಇರಲೇಬೇಕು ಅಂತ ಬೆಳಕಿನ ನಿಯಮವೇನೂ ಇಲ್ಲ. ಲೆನ್ಸ್ ಮಾಡುವವರು ಕೆಲವು ಗುಣಗಳು ಬೇಕು ಅಂತ ತೀರ್ಮಾನಿಸಿದರು, ಅದಕ್ಕೆ ಉದ್ದವನ್ನೂ ಗಾಜನ್ನೂ ಖರ್ಚು ಮಾಡಿದರು. ಆ ಗುಣಗಳು ನಿಮಗೂ ಬೇಕಾ ಅಂತ ನೋಡಿಕೊಂಡರೆ ಯಾವ ಲೆನ್ಸ್ ಕೊಳ್ಳಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಹೋಲಿಕೆ ಸರಿ ಮಾಡಿಕೊಳ್ಳೋಣ. ನೀವು ಎಫ್/1.2 ಲೆನ್ಸನ್ನು ಎಫ್/2 ಲೆನ್ಸಿನ ಪಕ್ಕ ಇಟ್ಟು ನೋಡಿದ್ದೀರಿ. ಫೋಕಲ್ ಲೆಂಗ್ತನ್ನು (ಲೆನ್ಸಿನ ಹೆಸರಿನಲ್ಲಿರುವ 50 ಎಂಎಂ ಅನ್ನುವ ಅಂಕೆ) ಬೆಳಕು ಒಳಗೆ ಬರುವ ಕಿಂಡಿಯ, ಅಂದರೆ ಅಪರ್ಚರಿನ, ವ್ಯಾಸದಿಂದ ಭಾಗಿಸಿದರೆ ಸಿಗುವುದೇ ಎಫ್ ಸಂಖ್ಯೆ. ಹಾಗಾಗಿ 50 ಎಂಎಂ ಎಫ್/2 ಲೆನ್ಸಿಗೆ 25 ಮಿಲಿಮೀಟರ್ ಕಿಂಡಿ ಸಾಕು. ಎಫ್/1.2 ಆದರೆ ಸುಮಾರು 42 ಮಿಲಿಮೀಟರ್ ಬೇಕು. ಬೆಳಕೇನೋ 2.8 ಪಟ್ಟು ಬರುತ್ತದೆ. ಆದರೆ ಗಾಜು ಅಗಲವಾದ ಹಾಗೆ ದಪ್ಪವೂ ಆಗುತ್ತದೆ, ಹಾಗಾಗಿ ತೂಕ ಹೆಚ್ಚುಕಡಿಮೆ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. ತೂಕಕ್ಕಿಂತ ಕಾಡುವುದು ದೋಷಗಳು. ಗಾಜಿನ ಅಂಚಿನಲ್ಲಿ ಹಾದು ಬಂದ ಕಿರಣಗಳು ನಡುವೆ ಹಾದು ಬಂದ ಕಿರಣಗಳು ಸೇರುವ ಜಾಗಕ್ಕೇ ಬಂದು ಸೇರುವುದಿಲ್ಲ. ಇದರಿಂದ ಆಗುವ ಮಸುಕು ಕೂಡ ಕಿಂಡಿಯ ವ್ಯಾಸದ ಘನದಂತೆ ಬೆಳೆಯುತ್ತದೆ. ಎಫ್/2 ಬಿಟ್ಟು ಎಫ್/1.2ಕ್ಕೆ ಹೋದರೆ ಆ ಒಂದು ದೋಷವೇ ನಾಲ್ಕೂವರೆ ಪಟ್ಟಾಗುತ್ತದೆ. ಅದನ್ನು ಅಡಗಿಸಲು ಇನ್ನೊಂದು ಗಾಜು ಬೇಕು, ಆ ಗಾಜು ತಂದ ದೋಷಕ್ಕೆ ಮತ್ತೊಂದು.

ನಿಕಾನ್‌ನ ಲೆನ್ಸುಗಳಲ್ಲೇ ಇದು ಕಾಣುತ್ತದೆ. ನೀವು ಅಂಗಡಿಯಲ್ಲಿ ಹಿಡಿದ 50 ಎಂಎಂ ಎಫ್/1.2 ಎಸ್ ಲೆನ್ಸಿನೊಳಗೆ 17 ಗಾಜುಗಳಿವೆ, ಉದ್ದ 150 ಮಿಲಿಮೀಟರ್, ತೂಕ 1090 ಗ್ರಾಂ. ಅದೇ ಕಂಪನಿಯ 50 ಎಂಎಂ ಎಫ್/1.8 ಎಸ್ ಲೆನ್ಸಿನಲ್ಲಿ 12 ಗಾಜು, 415 ಗ್ರಾಂ. ಅಂದರೆ ನಿಮ್ಮನ್ನು ಬೆಚ್ಚಿಬೀಳಿಸಿದ ತೂಕದಲ್ಲಿ ದೊಡ್ಡ ಪಾಲು ಆ ಎಫ್/1.2 ಅನ್ನುವ ಸಂಖ್ಯೆಯದ್ದು.

ಆದರೂ ನಿಮ್ಮ ಪ್ರಶ್ನೆ ಇನ್ನೂ ಉಳಿಯುತ್ತದೆ. ವಾಲ್ಟರ್ ಮ್ಯಾಂಡ್ಲರ್ ವಿನ್ಯಾಸ ಮಾಡಿದ, 1979ರಲ್ಲಿ ಬಂದ ಲೈಕಾದ 50 ಎಂಎಂ ಎಫ್/2 ಸಮ್ಮಿಕ್ರಾನ್‌ನಲ್ಲಿ ಇರುವುದು ಬರೀ ಆರು ಗಾಜು. ಈಗ ಸಿಗುವ ಕಪ್ಪು ಬಣ್ಣದ್ದು ಸುಮಾರು 240 ಗ್ರಾಂ, ಉದ್ದ 43.5 ಮಿಲಿಮೀಟರ್. ನಿಕಾನ್‌ನ ಎಫ್/1.8 ಲೆನ್ಸಿಗೆ ಕಿಂಡಿ ಇದಕ್ಕಿಂತ ಸ್ವಲ್ಪವೇ ದೊಡ್ಡದು, ಆದರೆ ಉದ್ದ 86.5 ಮಿಲಿಮೀಟರ್, ಗಾಜು ಎರಡರಷ್ಟು. ಇದು ಯಾಕೆ?

ಇದಕ್ಕೆ ಉತ್ತರ ಹುಡುಕಲು ಎರಡು ಬೇರೆ ಕಂಪನಿಗಳನ್ನು ಹೋಲಿಸುವ ಅಗತ್ಯವೇ ಇಲ್ಲ. ಲೈಕಾ ಒಂದೇ ಸಾಕು. 2012ರಲ್ಲಿ ಅವರು ತಮ್ಮ ರೇಂಜ್‌ಫೈಂಡರಿಗೆ ಆಪೋ-ಸಮ್ಮಿಕ್ರಾನ್-ಎಂ 50 ಎಂಎಂ ಎಫ್/2 ಅನ್ನುವ ಲೆನ್ಸ್ ತಂದರು. ಎಂಟು ಗಾಜು, 47 ಮಿಲಿಮೀಟರ್ ಉದ್ದ, 300 ಗ್ರಾಂ. ಆಮೇಲೆ ತಮ್ಮ ಮಿರರ್‌ಲೆಸ್ ಎಸ್‌ಎಲ್ ಕ್ಯಾಮೆರಾಗಳಿಗೆ ಆಪೋ-ಸಮ್ಮಿಕ್ರಾನ್-ಎಸ್‌ಎಲ್ 50 ಎಂಎಂ ಎಫ್/2 ತಂದರು. ಅದು 102 ಮಿಲಿಮೀಟರ್ ಉದ್ದ, 740 ಗ್ರಾಂ. ಅದೇ ಕಂಪನಿ, ಅದೇ ಫೋಕಲ್ ಲೆಂಗ್ತ್, ಅದೇ ಅಪರ್ಚರ್, ಹೆಸರೂ ಹೆಚ್ಚುಕಡಿಮೆ ಅದೇ. ಎರಡೂ ಅತ್ಯುತ್ತಮ ಲೆನ್ಸುಗಳು. ಮತ್ತೆ ಆ ಹೆಚ್ಚಿನ 440 ಗ್ರಾಂ ಎಲ್ಲಿಂದ ಬಂತು?

ಮೊದಲನೆಯದು ಆಟೋಫೋಕಸ್. ಎಂ ಲೆನ್ಸಿನಲ್ಲಿ ಫೋಕಸ್ ಮಾಡುವುದು ನಿಮ್ಮ ಬೆರಳು. ಬಹಳಷ್ಟು ಎಂ ಲೆನ್ಸುಗಳಲ್ಲಿ ತಿರುಗಿಸಿದರೆ ಒಳಗಿನ ಗಾಜಿನ ಗುಂಪು ಇಡಿಯಾಗಿ ಹಿಂದೆ ಮುಂದೆ ಸರಿಯುತ್ತದೆ, ಅಷ್ಟೇ. ಆ ಇಡೀ ಗುಂಪನ್ನು ಮೋಟಾರ್ ತಳ್ಳಬೇಕು ಅಂದರೆ ನಿಧಾನವಾಗುತ್ತದೆ. ಈಗಿನ ಕ್ಯಾಮೆರಾ ಓಡುವ ಮಗುವಿನ ಕಣ್ಣನ್ನು ಹುಡುಕಿ, ಸೆಕೆಂಡಿಗೆ ಹತ್ತಿಪ್ಪತ್ತು ಫೋಟೋ ತೆಗೆಯುತ್ತಾ, ಪ್ರತಿ ಫೋಟೋಕ್ಕೂ ಫೋಕಸ್ ಸರಿಮಾಡಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ಕ್ಷಣಾರ್ಧದಲ್ಲಿ ಹೊರಟು ಕ್ಷಣಾರ್ಧದಲ್ಲಿ ನಿಲ್ಲುವ, ಹಗುರವಾದ ಒಂದೆರಡು ಗಾಜು ಬೇಕು. ಹಾಗಾಗಿ ವಿನ್ಯಾಸಗಾರರು ಲೆನ್ಸಿನ ಒಳಗೇ ಒಂದು ಚಿಕ್ಕ ಗುಂಪನ್ನು ಬೇರೆ ಮಾಡಿ ಅದನ್ನು ಮಾತ್ರ ಓಡಾಡಿಸುತ್ತಾರೆ. ಅದು ಓಡಾಡಲು ಖಾಲಿ ಜಾಗ ಬೇಕು. ಅದು ಸರಿದಾಗಲೆಲ್ಲ ಉಳಿದ ಗಾಜುಗಳ ಜೊತೆಗಿನ ಹೊಂದಾಣಿಕೆ ಕೆಡುತ್ತದೆ, ಅದನ್ನು ಸರಿದೂಗಿಸಲು ಇನ್ನಷ್ಟು ಗಾಜು ಬೇಕು. ಎಸ್‌ಎಲ್ ಲೆನ್ಸಿನಲ್ಲೂ, ನೀವು ನೋಡಿದ ನಿಕಾನ್ ಎಫ್/1.2ರಲ್ಲೂ ಇಂಥ ಎರಡು ಗುಂಪುಗಳಿವೆ, ಎರಡು ಮೋಟಾರ್ ಇವೆ. ವಿಡಿಯೋ ತೆಗೆಯುವವರಿಗೆ ಇನ್ನೊಂದು ಬೇಡಿಕೆ. ಫೋಕಸ್ ಬದಲಾದಾಗ ಚೌಕಟ್ಟು ಹಿಗ್ಗಬಾರದು, ಕುಗ್ಗಬಾರದು. ಅದಕ್ಕೂ ಗಾಜಿನ ಲೆಕ್ಕದಲ್ಲೇ ಬೆಲೆ ಕೊಡಬೇಕು. ಜೊತೆಗೆ ಮೋಟಾರ್, ಸರ್ಕ್ಯೂಟ್, ಮಳೆ ಧೂಳು ತಡೆಯುವ ರಬ್ಬರ್ ಸೀಲ್.

ಎರಡನೆಯದು ಹತ್ತಿರದ ಫೋಕಸ್. ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ, ಆದರೆ ನನ್ನ ಪ್ರಕಾರ ಇದು ದೊಡ್ಡ ವಿಷಯ. ಆಪೋ-ಸಮ್ಮಿಕ್ರಾನ್-ಎಂ 0.7 ಮೀಟರ್‌ಗಿಂತ ಹತ್ತಿರ ಹೋಗುವುದಿಲ್ಲ. ಹಳೆಯ ಎಷ್ಟೋ ರೇಂಜ್‌ಫೈಂಡರ್ ಲೆನ್ಸುಗಳು ಒಂದು ಮೀಟರ್‌ಗೇ ನಿಲ್ಲುತ್ತವೆ. ಕಾರಣ ರೇಂಜ್‌ಫೈಂಡರಿನದು. ಎರಡು ಕಿಟಕಿಗಳಿಂದ ನೋಡಿದ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಅದು ದೂರ ಅಳೆಯುತ್ತದೆ, ತೀರಾ ಹತ್ತಿರಕ್ಕೆ ಬಂದರೆ ಆ ಯಂತ್ರಕ್ಕೆ ಕೈಲಾಗುವುದಿಲ್ಲ. ಲೆನ್ಸ್ ಮಾಡುವವರಿಗೆ ಇದರಿಂದ ಒಂದು ದೊಡ್ಡ ಅನುಕೂಲ. 50 ಎಂಎಂ ಲೆನ್ಸ್ ಅನಂತದಿಂದ 0.7 ಮೀಟರ್‌ಗೆ ಬರಲು ಮುಂದಕ್ಕೆ ಸರಿಯಬೇಕಾದದ್ದು 4 ಮಿಲಿಮೀಟರ್ ಚಿಲ್ಲರೆ ಮಾತ್ರ. ಎಸ್‌ಎಲ್ ಲೆನ್ಸ್ 0.35 ಮೀಟರ್‌ವರೆಗೆ ಬರುತ್ತದೆ. ಇಡೀ ಗಾಜಿನ ಗುಂಪನ್ನು ಸರಿಸಿಯೇ ಅಲ್ಲಿಗೆ ಬರಬೇಕಾದರೆ 10 ಮಿಲಿಮೀಟರ್‌ಗಿಂತ ಜಾಸ್ತಿ ಸರಿಯಬೇಕಾಗುತ್ತಿತ್ತು. ದೂರಕ್ಕೆ ಚೆನ್ನಾಗಿ ಹೊಂದಿಸಿದ ಲೆನ್ಸ್ ಅಷ್ಟು ಹತ್ತಿರ ಬಂದಾಗ ಅಂಚುಗಳಲ್ಲಿ ಸೋಲುತ್ತದೆ. ಸೋಲಬಾರದು ಅಂದರೆ ಗಾಜಿನ ಗುಂಪುಗಳು ಬೇರೆ ಬೇರೆ ವೇಗದಲ್ಲಿ ಸರಿಯುವ ಏರ್ಪಾಡು ಬೇಕು. ಮಗುವಿನ ಬೆರಳು, ಊಟದ ಎಲೆ, ಮದುಮಗಳ ಕೈಯ ಮೆಹಂದಿ, ಇವನ್ನೆಲ್ಲ ಹತ್ತಿರದಿಂದ ತೆಗೆಯುವವರಿಗೆ 0.7 ಮೀಟರ್ ನಿಜಕ್ಕೂ ದೂರ.

ಮೂರನೆಯದನ್ನು ನೇರವಾಗಿ ಹೇಳಿಬಿಡುತ್ತೇನೆ. ಎಸ್‌ಎಲ್ ಸರಣಿಯ 35, 50, 75, 90 ಎಂಎಂ ಎಫ್/2 ಲೆನ್ಸುಗಳು ನಾಲ್ಕೂ 102 ಮಿಲಿಮೀಟರ್ ಉದ್ದ, ನಾಲ್ಕಕ್ಕೂ 67 ಎಂಎಂ ಫಿಲ್ಟರ್. ಎಲ್ಲಕ್ಕೂ ಒಂದೇ ಅಳತೆಯ ಹೊರಕವಚ ಇರಲಿ ಅಂತ ಮಾಡಿದ್ದು. ಅದರಿಂದ ತಯಾರಿಕೆ ಸುಲಭ, ಬಳಸುವವರಿಗೂ ಕೈ ಅಭ್ಯಾಸ ತಪ್ಪುವುದಿಲ್ಲ. ಆದರೆ 50 ಎಂಎಂ ಲೆನ್ಸಿಗೆ ಅಷ್ಟು ಉದ್ದ ಬೇಕೇ ಬೇಕಿತ್ತಾ ಅಂದರೆ ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಅನುಮಾನಕ್ಕೆ ಇಲ್ಲಿ ಸ್ವಲ್ಪ ಬೆಂಬಲ ಸಿಗುತ್ತದೆ.

ಆಟೋಫೋಕಸ್ ಇಲ್ಲದೆ ಹೊಸ ಸೆನ್ಸರಿಗೇ ಮಾಡಿದ ಲೆನ್ಸ್ ಎಷ್ಟು ದೊಡ್ಡದಿರುತ್ತದೆ ಅಂತ ತಿಳಿಯಬೇಕಾ? ಜಪಾನಿನ ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಆಪೋ-ಲ್ಯಾಂಥರ್ 50 ಎಂಎಂ ಎಫ್/2 ಮಾಡುತ್ತದೆ. ಸೋನಿ ಮೌಂಟಿನದು (ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಾಯಿ) 364 ಗ್ರಾಂ. ಲೈಕಾ ಎಂ ಮೌಂಟಿನದು 288 ಗ್ರಾಂ. ಎರಡರಲ್ಲೂ ಹತ್ತು ಗಾಜು, ಎರಡೂ ಕೈಯಿಂದ ಫೋಕಸ್ ಮಾಡುವಂಥವು. ಅಂಚಿನವರೆಗೂ ಹರಿತ. 740 ಗ್ರಾಂ ಮತ್ತು 364 ಗ್ರಾಂ ನಡುವಿನ ಅಂತರದಲ್ಲಿ ಹೆಚ್ಚಿನದು ಮೋಟಾರ್ ಮತ್ತು ಒಳಗೇ ಓಡಾಡುವ ಗಾಜು ಕೇಳುವ ಬೆಲೆ ಅಂತ ನಾನು ಓದಿಕೊಳ್ಳುತ್ತೇನೆ.

ಹಾಗಂತ ಎಲ್ಲ ತಪ್ಪನ್ನೂ ಮೋಟಾರಿನ ಮೇಲೆ ಹೊರಿಸಲೂ ಆಗುವುದಿಲ್ಲ. 2013ರಲ್ಲಿ ಬಂದ ಝೈಸ್ ಓಟಸ್ 55 ಎಂಎಂ ಎಫ್/1.4 ಲೆನ್ಸಿನಲ್ಲಿ ಮೋಟಾರ್ ಇಲ್ಲವೇ ಇಲ್ಲ, ಆದರೂ ತೂಕ ಒಂದು ಕೆಜಿ ಹತ್ತಿರ. ಪೂರ್ತಿ ತೆರೆದ ಅಪರ್ಚರಿನಲ್ಲೂ ಮೂಲೆಯವರೆಗೆ ಹರಿತ ಇರಬೇಕು, ಬಣ್ಣದ ಅಂಚು ಕಾಣಬಾರದು ಅಂತ ಹಟ ಹಿಡಿದು ಮಾಡಿದ ಲೆನ್ಸ್ ಅದು. ಅದಕ್ಕೆ 12 ಗಾಜು ಹಿಡಿಯಿತು.

ಈಗ ಕನ್ನಡಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬಹಳ ಜನರ ಗೊಂದಲ ಇರುವುದು ಇಲ್ಲೇ.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಎದ್ದು ಬೀಳಲು ಜಾಗ ಬೇಕಿತ್ತು. ನಿಕಾನ್ ಎಫ್ ಮೌಂಟಿನಲ್ಲಿ ಆ ಅಂತರ 46.5 ಮಿಲಿಮೀಟರ್, ಕ್ಯಾನನ್ ಇಎಫ್‌ನಲ್ಲಿ 44. ಲೈಕಾ ಎಂನಲ್ಲಿ 27.8 ಮಾತ್ರ. 35 ಎಂಎಂ, 28 ಎಂಎಂ ಲೆನ್ಸುಗಳ ಗಾಜು ಸಹಜವಾಗಿ ಕೂರಬೇಕಾದ ಜಾಗದಲ್ಲೇ ಎಸ್‌ಎಲ್‌ಆರ್‌ನ ಕನ್ನಡಿ ಇರುತ್ತಿತ್ತು. ಹಾಗಾಗಿ ಮುಂದೆ ಬೆಳಕನ್ನು ಹರಡುವ ದೊಡ್ಡ ನೆಗೆಟಿವ್ ಗಾಜು ಇಟ್ಟು, ಚಿತ್ರ ಮೂಡುವ ಜಾಗವನ್ನು ಬಲವಂತವಾಗಿ ಹಿಂದಕ್ಕೆ ತಳ್ಳುವ ವಿನ್ಯಾಸ ಬಂತು. ಫ್ರಾನ್ಸಿನ ಆಂಜೆನಿಯು 1950ರಲ್ಲಿ ತಂದ 35 ಎಂಎಂ ಎಫ್/2.5 ರೆಟ್ರೋಫೋಕಸ್ ಅದರ ಹೆಸರಾಂತ ಮೊದಲ ಮಾದರಿ. ಆ ಹೆಸರೇ ಮುಂದೆ ಆ ಜಾತಿಯ ಲೆನ್ಸುಗಳಿಗೆಲ್ಲ ನಿಂತಿತು.

ರೇಂಜ್‌ಫೈಂಡರಿಗೆ ಈ ಕಷ್ಟವೇ ಇರಲಿಲ್ಲ. ಅಲ್ಲಿ ವಿನ್ಯಾಸಗಾರರು ಕಿಂಡಿಯ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರದ ಗಾಜುಗಳನ್ನು ಜೋಡಿಸಬಹುದಿತ್ತು. ಇಂಥ ಸಮತೋಲದ ಜೋಡಣೆಯಲ್ಲಿ ಮುಂದಿನ ಅರ್ಧ ಮಾಡಿದ ಕೆಲವು ತಪ್ಪುಗಳನ್ನು ಹಿಂದಿನ ಅರ್ಧ ತಾನಾಗಿ ರದ್ದು ಮಾಡುತ್ತದೆ. ಗೆರೆ ಬಾಗುವುದು, ಅಂಚಿನಲ್ಲಿ ಬಣ್ಣ ಸೀಳುವುದು, ಬೆಳಕಿನ ಚುಕ್ಕೆಗೆ ಬಾಲ ಬರುವುದು, ಇವು ಮೂರೂ ಬಹುಮಟ್ಟಿಗೆ ಪುಕ್ಕಟೆಯಾಗಿ ಹೋಗುತ್ತವೆ. ಪಾಲ್ ರುಡಾಲ್ಫ್ 1896ರಲ್ಲಿ ಝೈಸ್‌ನಲ್ಲಿ ಮಾಡಿದ ಪ್ಲಾನಾರ್ ಈ ಯೋಚನೆಯದ್ದೇ. ಲುಡ್ವಿಗ್ ಬರ್ಟೆಲೆಯ 21 ಎಂಎಂ ಬಯೋಗಾನ್‌ನಲ್ಲೂ ಇದೇ ಜಾಣತನ ಇದೆ. ಕಡಿಮೆ ಗಾಜಿನಲ್ಲಿ ಇಷ್ಟೊಂದು ಕೆಲಸ ತೆಗೆದದ್ದು ನನಗೆ ಇವತ್ತಿಗೂ ಬೆರಗು.

ಮಿರರ್‌ಲೆಸ್ ಬಂದಾಗ ಆ ಕಾಲ ಮತ್ತೆ ಬಂತು ಅಂತಲೇ ಎಲ್ಲರೂ ಅಂದುಕೊಂಡರು. ನಿಕಾನ್ ಝಡ್‌ನಲ್ಲಿ ಅಂತರ 16 ಮಿಲಿಮೀಟರ್, ಸೋನಿ ಇ ಮೌಂಟಿನಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20. ಲೈಕಾ ಎಂಗಿಂತಲೂ ಕಡಿಮೆ! ಆದರೆ ಒಂದು ಲೆಕ್ಕ ಮಾಡಿ ನೋಡಿ. ಲೆನ್ಸಿನ ಉದ್ದದ ಜೊತೆ ಈ ಅಂತರವನ್ನೂ ಕೂಡಿಸಿ, ಮುಂದಿನ ತುದಿಯಿಂದ ಸೆನ್ಸರ್‌ವರೆಗೆ ಎಷ್ಟಾಗುತ್ತದೆ ನೋಡಿ. ಹಳೆಯ ನಿಕಾನ್ 50 ಎಂಎಂ ಎಫ್/1.8 ಡಿ ಸುಮಾರು 39 ಮಿಲಿಮೀಟರ್, ಅದಕ್ಕೆ 46.5 ಸೇರಿಸಿದರೆ 85 ಚಿಲ್ಲರೆ. ಹೊಸ ಝಡ್ ಎಫ್/1.8 ಲೆನ್ಸಿನದು 86.5 ಮತ್ತು 16, ಒಟ್ಟು 102.5. ಲೈಕಾ ಸಮ್ಮಿಕ್ರಾನ್‌ನದು 43.5 ಮತ್ತು 27.8, ಒಟ್ಟು 71.3. ಕನ್ನಡಿ ಪೆಟ್ಟಿಗೆ ಹೋಗಿ ಉಳಿದ ಜಾಗವನ್ನು ಹೊಸ ಲೆನ್ಸ್ ತಾನೇ ತುಂಬಿಕೊಂಡಿತು, ಸಾಲದು ಅಂತ ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿತು. 50 ಎಂಎಂ ಲೆನ್ಸಿಗೆ ಕನ್ನಡಿ ಯಾವತ್ತೂ ದೊಡ್ಡ ಅಡ್ಡಿ ಆಗಿರಲಿಲ್ಲ. ಹಾಗಾಗಿ ಕನ್ನಡಿ ಹೋದದ್ದರಿಂದ ಅದಕ್ಕೆ ದೊಡ್ಡ ಲಾಭವೂ ಇರಲಿಲ್ಲ. ಸಿಗ್ಮಾ ಅಂತೂ 2018ರಲ್ಲಿ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾಗಳಿಗೆ (ಡಿಎಸ್‌ಎಲ್‌ಆರ್) ಮಾಡಿದ್ದ ತನ್ನ ಆರ್ಟ್ ಸರಣಿಯ ಲೆನ್ಸುಗಳಿಗೆ ಹಿಂದೆ ಒಂದು ಕೊಳವೆ ಸೇರಿಸಿ ಅವನ್ನೇ ಸೋನಿ ಮೌಂಟಿನಲ್ಲಿ ಮಾರಿತು. 815 ಗ್ರಾಂ ತೂಕದ 50 ಎಂಎಂ ಎಫ್/1.4 ಆರ್ಟ್ ಮಿರರ್‌ಲೆಸ್‌ಗೆ ಬಂದು ಇನ್ನಷ್ಟು ಉದ್ದವಾಯಿತು.

ವೈಡ್ ಲೆನ್ಸುಗಳಿಗೆ, ಅಂದರೆ ಅಗಲವಾದ ನೋಟ ಹಿಡಿಯುವ ಲೆನ್ಸುಗಳಿಗೆ, ಕನ್ನಡಿ ಹೋದದ್ದರಿಂದ ಲಾಭ ಆಗಬೇಕಿತ್ತು. ಅಲ್ಲಿ ಅಡ್ಡ ಬಂದದ್ದು ಸೆನ್ಸರ್.

ಇದನ್ನು ತೋರಿಸಲು ಒಂದು ಲೆನ್ಸಿನ ಕಥೆ ಸಾಕು. 1999ರಲ್ಲಿ ಕೊಸಿನಾ ಫಿಲ್ಮ್ ಕ್ಯಾಮೆರಾಗಳಿಗಾಗಿ ಹೆಲಿಯಾರ್ 15 ಎಂಎಂ ಎಫ್/4.5 ತಂದಿತು. 15 ಎಂಎಂ ಅಂದರೆ ವಿಪರೀತ ವೈಡ್. ಆದರೂ ಅದರ ತೂಕ ಬರೀ 105 ಗ್ರಾಂ, ಒಳಗೆ ಎಂಟು ಗಾಜು. ಫಿಲ್ಮಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಎರಡನೇ ಆವೃತ್ತಿಯೂ ಒಳಗೆ ಅದೇ ಗಾಜು, 156 ಗ್ರಾಂ, ಉದ್ದ 38 ಮಿಲಿಮೀಟರ್ ಚಿಲ್ಲರೆ. ಡಿಜಿಟಲ್ ಕ್ಯಾಮೆರಾಗಳಲ್ಲಿ ಹಾಕಿದಾಗ ಅಂಚುಗಳು ನೇರಳೆ ಬಣ್ಣಕ್ಕೆ ತಿರುಗಿದವು, ಮೂಲೆಗಳು ಕಲಸಿದಂತೆ ಬಂದವು. 2015ರ ಹೊತ್ತಿಗೆ ಮೂರನೇ ಆವೃತ್ತಿ ಬಂತು, ಈ ಸಲ ಡಿಜಿಟಲ್ ಸೆನ್ಸರಿಗಾಗಿಯೇ ಲೆಕ್ಕ ಹಾಕಿ ಮಾಡಿದ್ದು. ಹನ್ನೊಂದು ಗಾಜು, 247 ಗ್ರಾಂ, 55 ಮಿಲಿಮೀಟರ್ ಉದ್ದ. ಫೋಕಲ್ ಲೆಂಗ್ತ್ ಅದೇ, ಅಪರ್ಚರ್ ಅದೇ, ಆಟೋಫೋಕಸ್ ಆಗಲೂ ಇಲ್ಲ ಈಗಲೂ ಇಲ್ಲ, ಮಾಡಿದ ಕಂಪನಿಯೂ ಅದೇ. ಫಿಲ್ಮ್ ಹೋಗಿ ಸೆನ್ಸರ್ ಬಂದದ್ದಕ್ಕೆ ಅದು ಎರಡನೇ ಆವೃತ್ತಿಯ ಒಂದೂವರೆ ಪಟ್ಟಿಗಿಂತ ಜಾಸ್ತಿ ತೂಗತೊಡಗಿತು.

ಕಾರಣ ಕಿರಣಗಳ ಓರೆ. ರೇಂಜ್‌ಫೈಂಡರ್ ವೈಡ್ ಲೆನ್ಸಿನ ಹಿಂದಿನ ಗಾಜು ಫಿಲ್ಮಿಗೆ ತೀರಾ ಹತ್ತಿರ ಇರುತ್ತದೆ. ಅಲ್ಲಿಂದ ಮೂಲೆಗೆ ಹೋಗುವ ಬೆಳಕು ತುಂಬಾ ಓರೆಯಾಗಿ ಬೀಳುತ್ತದೆ. ಫಿಲ್ಮ್ ಇದನ್ನು ಸಹಿಸಿಕೊಳ್ಳುತ್ತದೆ. ಸೆನ್ಸರಿನ ಪಿಕ್ಸೆಲ್ ಹಾಗಲ್ಲ, ಅದಕ್ಕೆ ಆಳ ಇದೆ. ನಡು ಮಧ್ಯಾಹ್ನದ ಬಿಸಿಲು ಬಾವಿಯ ತಳದ ನೀರಿಗೆ ಮುಟ್ಟುತ್ತದೆ, ಸಂಜೆಯ ಬಿಸಿಲು ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತದೆ ಅಲ್ವಾ, ಹಾಗೆ. ಓರೆ ಬೆಳಕಿನಲ್ಲಿ ಒಂದಿಷ್ಟು ಕಳೆದುಹೋಗುತ್ತದೆ, ಒಂದಿಷ್ಟು ಪಕ್ಕದ ಪಿಕ್ಸೆಲಿಗೆ ಸೋರುತ್ತದೆ. ಪಕ್ಕದ್ದು ಬೇರೆ ಬಣ್ಣದ ಪಿಕ್ಸೆಲ್ ಆದ್ದರಿಂದ ಅಂಚಿನ ಬಣ್ಣ ಕೆಡುತ್ತದೆ.

ಇನ್ನೊಂದು ತೊಂದರೆ ಸೆನ್ಸರಿನ ಮೇಲಿರುವ ಗಾಜಿನ ಹಾಳೆಯದ್ದು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಡೆಯುವ ಫಿಲ್ಟರ್ ಅದರಲ್ಲೇ ಇರುತ್ತದೆ. ಸೋನಿ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ ಅದರ ದಪ್ಪ 2 ಮಿಲಿಮೀಟರ್ ಆಸುಪಾಸು, ಲೈಕಾ ಎಂನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ನೇರವಾಗಿ ಬರುವ ಬೆಳಕಿಗೆ ಈ ಹಾಳೆಯಿಂದ ಏನೂ ಆಗುವುದಿಲ್ಲ. ಓರೆ ಬೆಳಕು ಅದರೊಳಗೆ ಬಾಗಿ, ಸೇರಬೇಕಾದ ಜಾಗ ಬಿಟ್ಟು ಬೇರೆ ಕಡೆ ಸೇರುತ್ತದೆ. ಮೂಲೆಗಳು ಉಜ್ಜಿದಂತೆ ಆಗುತ್ತವೆ. ಫಿಲ್ಮಿಗಾಗಿ ಮಾಡಿದ ಲೆನ್ಸಿನ ಲೆಕ್ಕದಲ್ಲಿ ಈ ಹಾಳೆ ಇರಲೇ ಇಲ್ಲ.

ಲೈಕಾ ತನ್ನ ಹಳೆಯ ಲೆನ್ಸುಗಳನ್ನು ಉಳಿಸಿಕೊಳ್ಳಲು ಕ್ಯಾಮೆರಾವನ್ನೇ ಬಗ್ಗಿಸಿತು. 2006ರ ಎಂ8ರಲ್ಲಿ ಆ ಗಾಜಿನ ಹಾಳೆಯನ್ನು 0.5 ಮಿಲಿಮೀಟರ್‌ಗೆ ಇಳಿಸಿದರು, ಪಿಕ್ಸೆಲ್‌ಗಳ ಮೇಲಿನ ಪುಟ್ಟ ಮಸೂರಗಳನ್ನು ಅಂಚಿನ ಕಡೆ ಸ್ವಲ್ಪ ಪಕ್ಕಕ್ಕೆ ಸರಿಸಿ ಕೂರಿಸಿದರು, ಯಾವ ಲೆನ್ಸ್ ಹಾಕಿದೆ ಅಂತ ಕ್ಯಾಮೆರಾಕ್ಕೆ ಗೊತ್ತಾಗಲು ಲೆನ್ಸಿನ ಹಿಂದೆ ಆರು ಚುಕ್ಕೆಗಳ ಗುರುತು ಹಾಕಿದರು. ಗಾಜು ಅಷ್ಟು ತೆಳುವಾದದ್ದಕ್ಕೆ ಇನ್‌ಫ್ರಾರೆಡ್ ಒಳಗೆ ನುಗ್ಗಿ ಕಪ್ಪು ನೈಲಾನ್ ಬಟ್ಟೆ ನೇರಳೆಯಾಗಿ ಕಾಣತೊಡಗಿತು. ಕೊನೆಗೆ ಕೊಂಡವರಿಗೆಲ್ಲ ಲೆನ್ಸಿನ ಮುಂದೆ ಹಾಕುವ ಎರಡು ಫಿಲ್ಟರ್ ಉಚಿತವಾಗಿ ಕೊಟ್ಟರು. ಪುಟ್ಟ ಲೆನ್ಸುಗಳು ಡಿಜಿಟಲ್‌ನಲ್ಲಿ ಬದುಕಲು ಇಷ್ಟೆಲ್ಲ ಮಾಡಬೇಕಾಯಿತು. ಉಳಿದ ಕಂಪನಿಗಳಿಗೆ ಹಳೆಯ ಲೆನ್ಸುಗಳ ಹಂಗಿರಲಿಲ್ಲ. ಅವರು ಬೆಳಕು ಸೆನ್ಸರಿಗೆ ಆದಷ್ಟು ನೇರವಾಗಿ ಬೀಳುವಂತೆ ಲೆನ್ಸನ್ನೇ ಉದ್ದ ಮಾಡಿದರು, ನಿಕಾನ್ ಮೌಂಟನ್ನೂ ಅಗಲ ಮಾಡಿತು. ನಿಕಾನ್ ಝಡ್ ಮೌಂಟಿನ ಬಾಯಿ 55 ಮಿಲಿಮೀಟರ್ ಅಗಲ.

ಮೂಲೆ ಕಪ್ಪಾಗುವುದಕ್ಕೂ ಈ ಓರೆಗೂ ಸಂಬಂಧ ಇದೆ. ಸಮತೋಲದ ಲೆನ್ಸಿನಲ್ಲಿ ಮೂಲೆಯ ಬೆಳಕು ಕೋನದ ಕೊಸೈನ್‌ನ ನಾಲ್ಕನೇ ಘಾತದಂತೆ ಇಳಿಯುತ್ತದೆ. 35 ಎಂಎಂ ಲೆನ್ಸಿನ ಮೂಲೆಯಲ್ಲಿ ಹತ್ತಿರ ಹತ್ತಿರ ಒಂದು ಸ್ಟಾಪ್ ಕಡಿಮೆ (ಅಂದರೆ ಬೆಳಕು ಅರ್ಧ), 21 ಎಂಎಂ ಆದರೆ ಎರಡು ಸ್ಟಾಪ್ (ಕಾಲು ಭಾಗ). ಅಪರ್ಚರ್ ಎಷ್ಟು ಚಿಕ್ಕದು ಮಾಡಿದರೂ ಇದು ಹೋಗುವುದಿಲ್ಲ. ಕಪ್ಪು ಬಿಳುಪು ಬೀದಿ ಫೋಟೋಗಳಲ್ಲಿ ಅದನ್ನು ಯಾರೂ ತಪ್ಪು ಅನ್ನಲಿಲ್ಲ, ಕೆಲವರಿಗಂತೂ ಅದೇ ಇಷ್ಟ. ಆದರೆ ಈಗ ನಾವು ಬೇರೆ ಥರ ನೋಡುತ್ತೇವೆ. 45 ಮೆಗಾಪಿಕ್ಸೆಲ್, 61 ಮೆಗಾಪಿಕ್ಸೆಲ್ ಫೋಟೋವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ಮೊದಲು ಮೂಲೆಯನ್ನೇ ನೋಡುತ್ತೇವೆ. ಹೊಸ ಲೆನ್ಸ್ ಬಂದರೆ ವಿಮರ್ಶಕರು ಎಫ್/1.4ರಲ್ಲೇ ಮೂಲೆ ಹರಿತ ಇದೆಯಾ ಅಂತ ಪರೀಕ್ಷಿಸುತ್ತಾರೆ. ಎಫ್/1.4ರಲ್ಲಿ ತೆಗೆದ ಮುಖದ ಫೋಟೋದ ಮೂಲೆಯಲ್ಲಿ ಫೋಕಸ್ ಆಗಿರುವುದು ಏನೂ ಇರುವುದಿಲ್ಲ, ಆದರೂ ಅಂಕ ಕಳೆಯುತ್ತಾರೆ. ಕಂಪನಿಗಳು ಆ ಪರೀಕ್ಷೆಗೆ ತಕ್ಕ ಲೆನ್ಸ್ ಮಾಡುತ್ತವೆ. ಇದು ನನಗೆ ಇಷ್ಟವಿಲ್ಲದ ಬೆಳವಣಿಗೆ.

ರೇಂಜ್‌ಫೈಂಡರ್ ಲೆನ್ಸನ್ನು ಚಿಕ್ಕದಾಗಿ ಹಿಡಿದಿಟ್ಟದ್ದರಲ್ಲಿ ಇನ್ನೊಂದಕ್ಕೂ ಪಾಲಿದೆ, ನೋಡುವ ಕಿಟಕಿ. ರೇಂಜ್‌ಫೈಂಡರಿನಲ್ಲಿ ನೀವು ಲೆನ್ಸಿನ ಮೂಲಕ ನೋಡುವುದಿಲ್ಲ, ಮೇಲ್ಗಡೆ ಪಕ್ಕದಲ್ಲಿರುವ ಬೇರೆ ಕಿಟಕಿಯಿಂದ ನೋಡುತ್ತೀರಿ. ಲೆನ್ಸ್ ದಪ್ಪವಾದರೆ ಚೌಕಟ್ಟಿನ ಕೆಳಗಿನ ಬಲಮೂಲೆಗೇ ಅಡ್ಡ ಬರುತ್ತದೆ. 2008ರಲ್ಲಿ ಬಂದ 700 ಗ್ರಾಂ ತೂಕದ ನೋಕ್ಟಿಲಕ್ಸ್ ಎಫ್/0.95 ಹಾಕಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ 1954ರಲ್ಲಿ ಎಂ3 ಬಂದ ದಿನದಿಂದ ಎಂ ಲೆನ್ಸ್ ಮಾಡುವವರ ತಲೆಯ ಮೇಲೆ ಒಂದು ಕಡಿವಾಣ ಇತ್ತು, ಇಷ್ಟೇ ಜಾಗ, ಇದರೊಳಗೇ ಮಾಡು ಅಂತ. ಮಿರರ್‌ಲೆಸ್ ಲೆನ್ಸ್ ಮಾಡುವವರಿಗೆ ಆ ಕಡಿವಾಣ ಇಲ್ಲ. ಕಡಿವಾಣ ಇಲ್ಲದಿದ್ದಾಗ ಉದ್ದ ಮಾಡುವುದೇ ಸುಲಭದ ದಾರಿ, ಅಗ್ಗದ ದಾರಿಯೂ ಹೌದು. ಉದ್ದ ಲೆನ್ಸಿನಲ್ಲಿ ಪ್ರತಿ ಗಾಜೂ ಬೆಳಕನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸಿದರೆ ಸಾಕು. ಗಿಡ್ಡ ಲೆನ್ಸಿನಲ್ಲಿ ಕಡಿಮೆ ಗಾಜು ಜೋರಾಗಿ ಬಗ್ಗಿಸಬೇಕು, ಆಗ ಒಂದು ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಚಿತ್ರ ಕೆಡುತ್ತದೆ. ಆಪೋ-ಸಮ್ಮಿಕ್ರಾನ್-ಎಂ ಬೆಲೆ ಹಲವು ಲಕ್ಷ ರೂಪಾಯಿ ಇರುವುದಕ್ಕೆ ಲೈಕಾ ಅನ್ನುವ ಹೆಸರೂ ಕಾರಣ, ಈ ಬಿಗಿ ಜೋಡಣೆಯೂ ಕಾರಣ.

ಇನ್ನು ಅಡಾಪ್ಟರ್. ನಿಮ್ಮ ಝಡ್ ಕ್ಯಾಮೆರಾಕ್ಕೆ ಎಂ ಲೆನ್ಸ್ ಹಾಕಲು 11.8 ಮಿಲಿಮೀಟರ್ ದಪ್ಪದ ಅಡಾಪ್ಟರ್ ಸಾಕು, ಒಳಗೆ ಗಾಜು ಇರುವುದಿಲ್ಲ, ಚಿತ್ರ ಅದರಿಂದ ಕೆಡುವುದಿಲ್ಲ. 50 ಎಂಎಂ ಮತ್ತು ಅದಕ್ಕಿಂತ ಉದ್ದದ ಲೆನ್ಸುಗಳಾದರೆ ಧೈರ್ಯವಾಗಿ ಹಾಕಿ. ಅವುಗಳ ಕಿರಣಗಳು ಅಷ್ಟು ಓರೆ ಇರುವುದಿಲ್ಲ. 35 ಎಂಎಂ ಆದರೆ ಲೆನ್ಸ್ ನೋಡಿ ಹೇಳಬೇಕು. ಹಳೆಯ ಪುಟ್ಟ 35ಗಳಲ್ಲಿ ಮೂಲೆ ಹರಿತ ಆಗಲು ಎಫ್/8ಕ್ಕೆ ಹೋಗಬೇಕಾಗುತ್ತದೆ. 28 ಮತ್ತು ಅದಕ್ಕಿಂತ ವೈಡ್ ಆದರೆ ನನ್ನ ಸಲಹೆ ಬೇಡ ಅಂತಲೇ, ಅದರಲ್ಲೂ ಝೈಸ್‌ನ ಪುಟ್ಟ ಸಿ ಬಯೋಗಾನ್ 21 ಎಂಎಂ ಎಫ್/4.5 ಥರದ, ಪೂರ್ತಿ ಸಮತೋಲದ ಲೆನ್ಸುಗಳು ಬೇಡವೇ ಬೇಡ. ಲೆನ್ಸ್ ಅದ್ಭುತವಾದದ್ದು, ಆದರೆ ಅದರ ಜಾಗ ಫಿಲ್ಮ್ ಕ್ಯಾಮೆರಾದಲ್ಲಿ. 2015ರ ಸೋನಿ ಎ7ಆರ್ 2ರಿಂದ ಶುರುವಾದ ಬಿಎಸ್ಐ ಸೆನ್ಸರುಗಳಲ್ಲಿ (ಇವುಗಳಲ್ಲಿ ಬೆಳಕು ಹಿಡಿಯುವ ಭಾಗ ತಂತಿಗಳ ಮೇಲೆಯೇ ಇರುತ್ತದೆ) ಬಣ್ಣ ಕೆಡುವುದು ತುಂಬಾ ಕಡಿಮೆಯಾಯಿತು, ಮೂಲೆ ಉಜ್ಜಿದಂತಾಗುವುದು ಮಾತ್ರ ಹೋಗಲಿಲ್ಲ, ಯಾಕೆಂದರೆ ಅದು ಮೇಲಿನ ಗಾಜಿನ ಹಾಳೆಯ ತೊಂದರೆ. ನಿಕಾನ್ ಝಡ್‌ನಲ್ಲಿ ಆ ಹಾಳೆ ಸೋನಿಗಿಂತ ತೆಳು, ಹಾಗಾಗಿ ನಿಮಗೆ ಸ್ವಲ್ಪ ವಾಸಿ.

ಹತ್ತಿರ ಫೋಕಸ್ ಬೇಕು ಅಂದರೆ ತಿರುಗಿಸಿದರೆ ಉದ್ದವಾಗುವ ಅಡಾಪ್ಟರ್ ಸಿಗುತ್ತದೆ, ಅದನ್ನೇ ಕೊಳ್ಳಿ. 0.7 ಮೀಟರ್ ಕಷ್ಟ ಅಲ್ಲಿಗೆ ಬಗೆಹರಿಯುತ್ತದೆ.

ಆದರೆ ಚಿಕ್ಕದು ಬೇಕು ಅನ್ನುವುದೊಂದೇ ನಿಮ್ಮ ಆಸೆಯಾದರೆ ರೇಂಜ್‌ಫೈಂಡರ್ ಲೆನ್ಸ್ ಹುಡುಕಿಕೊಂಡು ಹೋಗಬೇಡಿ. ಚಿಕ್ಕ ಲೆನ್ಸುಗಳು ನಿಮ್ಮ ಮೌಂಟಿನಲ್ಲೇ ಇವೆ, ಎಫ್ ಸಂಖ್ಯೆ ನೋಡಿ ಜನ ಅವನ್ನು ದಾಟಿ ಹೋಗುತ್ತಾರೆ ಅಷ್ಟೇ. ನಿಕಾನ್ ಝಡ್ 40 ಎಂಎಂ ಎಫ್/2 ಲೆನ್ಸಿನ ತೂಕ 170 ಗ್ರಾಂ, ಉದ್ದ 45.5 ಮಿಲಿಮೀಟರ್, ಒಳಗೆ ಆರು ಗಾಜು, ಅಂದರೆ ಸಮ್ಮಿಕ್ರಾನ್‌ನಷ್ಟೇ. ಆಟೋಫೋಕಸ್ ಇದೆ. ಮೌಂಟ್ ಪ್ಲಾಸ್ಟಿಕ್, ಪೂರ್ತಿ ತೆರೆದಾಗ ಮೂಲೆ ಮೃದು. ಬೀದಿಯಲ್ಲಿ, ಪ್ರಯಾಣದಲ್ಲಿ, ಮನೆಯ ಮಕ್ಕಳ ಫೋಟೋದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಝಡ್ 26 ಎಂಎಂ ಎಫ್/2.8 ಇನ್ನೂ ಚಿಕ್ಕದು, 125 ಗ್ರಾಂ, 23.5 ಮಿಲಿಮೀಟರ್. ಸೋನಿಯವರಿಗೆ 2021ರಲ್ಲಿ ಬಂದ 40 ಎಂಎಂ ಮತ್ತು 50 ಎಂಎಂ ಎಫ್/2.5 ಜಿ ಲೆನ್ಸುಗಳಿವೆ, 173 ಮತ್ತು 174 ಗ್ರಾಂ. ಸಿಗ್ಮಾ 45 ಎಂಎಂ ಎಫ್/2.8 ಲೋಹದ ಕವಚ ಇದ್ದೂ 215 ಗ್ರಾಂ. ಕ್ಯಾನನ್ ಆರ್‌ಎಫ್ 28 ಎಂಎಂ ಎಫ್/2.8 120 ಗ್ರಾಂ. ಇವುಗಳಲ್ಲಿ ಕೆಲವು ಗೆರೆ ಬಾಗುವುದನ್ನೂ ಮೂಲೆ ಕಪ್ಪಾಗುವುದನ್ನೂ ಗಾಜಿನಲ್ಲಿ ಪೂರ್ತಿ ಸರಿ ಮಾಡುವುದಿಲ್ಲ, ಕ್ಯಾಮೆರಾದ ಸಾಫ್ಟ್‌ವೇರಿಗೆ ಬಿಡುತ್ತವೆ. ಅದನ್ನು ಮೋಸ ಅನ್ನುವವರಿದ್ದಾರೆ, ನಾನು ಅನ್ನುವುದಿಲ್ಲ. ಗಾಜು ಉಳಿಸಿ ಚಿಕ್ಕದು ಮಾಡಲು ಅದು ಒಳ್ಳೆಯ ದಾರಿ.

ಎಫ್/1.2 ಯಾರಿಗೆ ಬೇಕು ಅಂದರೆ, ಕಡಿಮೆ ಬೆಳಕಿನ ಛತ್ರದಲ್ಲಿ ಬೆಳಗಿನ ಜಾವದ ಮುಹೂರ್ತಕ್ಕೆ ಫ್ಲಾಶ್ ಇಲ್ಲದೆ ಹಣ ಪಡೆದು ಫೋಟೋ ತೆಗೆಯುವವರಿಗೆ ಬೇಕು. ಅವರಿಗೆ ಆ ಒಂದು ಕೆಜಿ ದುಡಿದು ಕೊಡುತ್ತದೆ. ನೀವು ಏನು ತೆಗೆಯುತ್ತೀರಿ ಅಂತ ಬರೆದಿಲ್ಲ. ನಿಮ್ಮ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದು ಯಾವ ಅಪರ್ಚರಿನಲ್ಲಿ ತೆಗೆದಿದ್ದೀರಿ ಅಂತ ನೋಡಿ. ಹೆಚ್ಚಿನವು ಎಫ್/2.8ರಿಂದ ಎಫ್/8ರ ನಡುವೆ ಇದ್ದರೆ 40 ಎಂಎಂ ಎಫ್/2 ತೆಗೆದುಕೊಳ್ಳಿ. ಮೊದಲಿಂದಲೂ ಇರುವಷ್ಟು ಪೂರ್ತಿ ತೆರೆದೇ ತೆಗೆಯುವ ಅಭ್ಯಾಸ, ಅದೂ ಸಾಲುತ್ತಿಲ್ಲ ಅಂದರೆ ಮೊದಲು 415 ಗ್ರಾಂ ಎಫ್/1.8 ನೋಡಿ, ಆಮೇಲೆ ಎಫ್/1.2.

ಸಂಬಂಧಿಕರ ಲೈಕಾ ಲೆನ್ಸನ್ನು ಒಂದು ವಾರಕ್ಕೆ ಕೇಳಿ ತೆಗೆದುಕೊಳ್ಳಲು ಆಗುವುದಾದರೆ ಅಡಾಪ್ಟರ್ ಒಂದನ್ನು ಕೊಂಡು ಖಂಡಿತ ಪ್ರಯತ್ನಿಸಿ. ಅದು 50 ಎಂಎಂ ಆದ್ದರಿಂದ ನಿರಾಸೆ ಆಗುವುದಿಲ್ಲ. ಹಗಲಿನಲ್ಲಿ ದೂರದ ಮರಗಳ ಸಾಲನ್ನೋ ಕಟ್ಟಡವನ್ನೋ ಎಫ್/2, ಎಫ್/4, ಎಫ್/8ರಲ್ಲಿ ತೆಗೆಯಿರಿ, ನಾಲ್ಕೂ ಮೂಲೆ ನೋಡಿ. ಒಂದೇ ಮೂಲೆ ಮಸುಕಾಗಿದ್ದರೆ ಅದು ಸೆನ್ಸರಿನ ತೊಂದರೆ ಆಗಿರಲಾರದು. ಲೆನ್ಸಿನ ಗಾಜು ಸರಿದಿರಬಹುದು, ಇಲ್ಲವೇ ಅಗ್ಗದ ಅಡಾಪ್ಟರ್ ಓರೆಯಾಗಿ ಕೂತಿರಬಹುದು. ಮೊದಲು ಅಡಾಪ್ಟರ್ ಬದಲಿಸಿ ನೋಡಿ.